ಕರಡು ತಿದ್ದುವವರ ಖಾಲಿ ಕುರ್ಚಿ

ಗದಗ-ಬೆಟಗೇರಿಗೆ ಮುದ್ರಣ ಕಾಶಿ ಎಂದು ಹೆಸರಿಟ್ಟವರು ಯಾರೋ, ಪ್ರೆಸ್ಸಿನೊಳಗೆ ಕೂತು ಕೆಲಸ ಮಾಡಿದವರಂತೂ ಅಲ್ಲ. ಕಾಶಿಗೆ ಹೋದರೆ ಪಾಪ ತೊಳೆದು ಹೋಗುತ್ತದಂತೆ. ಇಲ್ಲಿ ಕೈಗೆ ಹತ್ತಿದ ಮಸಿ ಸೀಮೆಎಣ್ಣೆ ಹಾಕಿ ತಿಕ್ಕಿದರೂ ಉಗುರಿನ ಸಂದಿಯಿಂದ ಹೋಗುತ್ತಿರಲಿಲ್ಲ.

ನಮ್ಮದು ಸಣ್ಣ ಪ್ರೆಸ್ಸು. ಅಪ್ಪ ಹಾಕಿದ್ದು, ಈಗ ನಾನು ನಡೆಸುತ್ತೇನೆ. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆಯ ಕರಪತ್ರ, ಸೊಸೈಟಿಯ ವಾರ್ಷಿಕ ವರದಿ, ವರ್ಷಕ್ಕೊಮ್ಮೆ ಯಾರಾದರೂ ಮಾಸ್ತರರ ಕವನ ಸಂಕಲನ. ಇತ್ತೀಚೆಗೆ ಬಂದ ಗಿರಾಕಿಗಳೆಲ್ಲ ಕೇಳುವ ಪ್ರಶ್ನೆ ಒಂದೇ: "ಅಕ್ಕಾರ, ಈ ಎಐ ಬಂದು ನಿಮ್ಮ ಪ್ರೆಸ್ ಮುಚ್ಚಸ್ತದೇನ್ರಿ?" ಅದಕ್ಕೆ ಉತ್ತರ ಹೇಳಬೇಕಾದರೆ ಯಾವ ಯಂತ್ರ ಯಾವಾಗ ಬಂತು, ಬಂದು ಯಾರನ್ನು ಎಬ್ಬಿಸಿತು ಎಂಬುದನ್ನು ಮೊದಲು ಹೇಳಬೇಕು.

ಗದಗಿನಲ್ಲಿ ಪ್ರೆಸ್ಸುಗಳು ಬೆಳೆದದ್ದು ಸಾಹಿತ್ಯಪ್ರೇಮದಿಂದ ಅಲ್ಲ ಎಂಬುದು ನನ್ನ ಬಲವಾದ ಗುಮಾನಿ. ಇದು ಕುಮಾರವ್ಯಾಸನ ಊರು, ನಿಜ. ಆದರೆ ಪ್ರೆಸ್ಸಿನ ಹೊಟ್ಟೆ ತುಂಬಿಸಿದ್ದು ಹತ್ತಿ. ಹತ್ತಿ ಪೇಟೆ ಇದ್ದಲ್ಲಿ ಅಡತಿ ಅಂಗಡಿ, ಅಡತಿ ಇದ್ದಲ್ಲಿ ಪಟ್ಟಿ, ಪಾವತಿ, ರಸೀದಿ. ಸಾಲದ್ದಕ್ಕೆ ಇದು ರೈಲು ಜಂಕ್ಷನ್ನು. ಕಾಗದ ಇಳಿಸಿಕೊಳ್ಳುವುದೂ ಸುಲಭ, ಅಚ್ಚಾದ ಮಾಲು ಕಳಿಸುವುದೂ ಸುಲಭ. ಪಕ್ಕದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಹೆಸರಾದದ್ದು. ಸಹಕಾರ ಸಂಘವೆಂದರೆ ಷೇರು ಪತ್ರ, ಠರಾವು ಪುಸ್ತಕ, ಸಾಲದ ಅರ್ಜಿ, ನೋಟೀಸು. ನಮ್ಮಂಥವರ ಅನ್ನಕ್ಕೆ ಮಹಾಕಾವ್ಯಕ್ಕಿಂತ ನೋಟೀಸೇ ಆಧಾರ.

ಕನ್ನಡದ ಅಚ್ಚಿನ ಕಥೆ ಇದಕ್ಕಿಂತ ಹಳೆಯದು. ವಿಲಿಯಂ ಕೇರಿಯ ಕನ್ನಡ ವ್ಯಾಕರಣ ದೂರದ ಬಂಗಾಳದ ಸೆರಾಂಪುರದಲ್ಲಿ 1817ರಲ್ಲಿ ಅಚ್ಚಾಯಿತು. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ 1841ರಲ್ಲಿ ಪ್ರೆಸ್ಸು ಹಾಕಿದಾಗ ಮೊಳೆ ಇರಲಿಲ್ಲ, ಕಲ್ಲಚ್ಚು. ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ತಂದ 'ಮಂಗಳೂರ ಸಮಾಚಾರ' ಕಲ್ಲಿನ ಮೇಲೆ ಬರೆದು ತೆಗೆದದ್ದು. ಅಲ್ಲಿಂದ ಸುಮಾರು ಅರ್ಧ ಶತಮಾನದಲ್ಲಿ, 1894ರಲ್ಲಿ, ಅದೇ ಮಂಗಳೂರಿನಿಂದ ಕಿಟೆಲ್ ನಿಘಂಟಿನಂಥ ಗ್ರಂಥ ಹೊರಬಿತ್ತು. ಅದರ ಕರಡು ತಿದ್ದಿದವರ ಕಣ್ಣು ಏನಾಗಿರಬಹುದೆಂದು ಎಷ್ಟೋ ಸಲ ಯೋಚಿಸಿದ್ದೇನೆ.

ನಾನು ಕಣ್ಣಾರೆ ಕಂಡದ್ದು ಮೊಳೆಯ ಕೊನೆಯ ಕಾಲ. ಗೋಡೆಗೆ ಒರಗಿಸಿದ ಕೇಸುಗಳು, ಅವುಗಳಲ್ಲಿ ನೂರಾರು ಮನೆಗಳು. ಇಂಗ್ಲಿಷಿನಂತೆ ಇಪ್ಪತ್ತಾರು ಅಕ್ಷರದಲ್ಲಿ ಮುಗಿಯುವ ವ್ಯವಹಾರವಲ್ಲ ನಮ್ಮದು. ಕಾಗುಣಿತದ ಮೊಳೆ ಬೇರೆ, ಒತ್ತಿನ ಮೊಳೆ ಬೇರೆ. ಸೀಸ, ತವರ, ಆಂಟಿಮೊನಿ ಬೆರೆಸಿ ಎರಕ ಹೊಯ್ದ ಈ ಮೊಳೆಗಳನ್ನು ಕಂಪೋಜಿಟರ್ ಕಾಕಾ ನಿಂತುಕೊಂಡೇ, ಎಡಗೈಯ ಸ್ಟಿಕ್ಕಿನಲ್ಲಿ ತಲೆಕೆಳಗಾಗಿ ಜೋಡಿಸುತ್ತಿದ್ದರು. ಮದುವೆ ಸುಗ್ಗಿಯಲ್ಲಿ ನಮಗೆ ದೊಡ್ಡ ಫಜೀತಿ 'ಶ್ರೀ'ಯದು. ಒಂದು ಲಗ್ನಪತ್ರಿಕೆಗೆ ಎಷ್ಟು ಹಿರಿಯರೋ ಅಷ್ಟು ಶ್ರೀ, ಅಷ್ಟು ಶ್ರೀಮತಿ. ಕೇಸಿನ ಮನೆ ಖಾಲಿಯಾಗುತ್ತಿತ್ತು. ಒಬ್ಬರ ಮದುವೆಯ ಶ್ರೀಗಳು ಟ್ರೆಡಲ್‌ನಿಂದ ಇಳಿದು, ತೊಳೆದು, ಬಿಚ್ಚಿ ಮನೆ ಸೇರಿದ ಮೇಲೆಯೇ ಇನ್ನೊಬ್ಬರ ಮದುವೆಗೆ ಶ್ರೀಕಾರ. "ನಾಳೆ ಸಂಜಿಕ್ ಬರ್ರಿ" ಎಂದು ಅಪ್ಪ ಗಿರಾಕಿಗೆ ಹೇಳುತ್ತಿದ್ದುದರ ಹಿಂದಿನ ಗುಟ್ಟು ಇದು.

ಕಾಕಾ ಜೋಡಿಸಿದ ಗ್ಯಾಲಿಗೆ ಮಸಿ ಸವರಿ ತೆಗೆದ ಕರಡು ಹೋಗುತ್ತಿದ್ದುದು ಕಿಟಕಿ ಪಕ್ಕದ ಕುರ್ಚಿಗೆ. ಅಲ್ಲಿ ನಿವೃತ್ತ ಕನ್ನಡ ಮಾಸ್ತರರು. ಒಬ್ಬ ಹುಡುಗ ಮೂಲ ಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಮಾಸ್ತರರು ಕೆಂಪು ಪೆನ್ನು ಹಿಡಿದು ಕರಡಿನ ಮೇಲೆ ಕಣ್ಣಾಡಿಸಬೇಕು. ರಜೆಯಲ್ಲಿ ಆ ಹುಡುಗನ ಕೆಲಸ ನನ್ನದು. ಅವರು ತಿದ್ದುತ್ತಿದ್ದುದು ಅಲ್ಪಪ್ರಾಣ ಮಹಾಪ್ರಾಣ ಮಾತ್ರವಲ್ಲ. ಗದಗಿನ ಅರ್ಧ ಮನೆತನಗಳ ವಂಶಾವಳಿ ಅವರ ತಲೆಯಲ್ಲಿತ್ತು. "ಇವರ ದೊಡ್ಡಪ್ಪ ಹೋದ ವರ್ಷ ತೀರಿಕೊಂಡ್ರಲ್ಲ, ಹೆಸರಿನ ಮುಂದ ಲಿಂ. ಹಾಕಿಲ್ಲ, ಕೇಳಿ ಬಾ" ಎಂದು ಗಿರಾಕಿಯ ಮನೆಗೇ ಓಡಿಸುತ್ತಿದ್ದರು. ಯಾರ ಹೆಸರು ಮೇಲೆ, ಯಾರದು ಕೆಳಗೆ ಎಂಬುದರಲ್ಲಿ ಅವರು ತಪ್ಪಿದ್ದನ್ನು ನಾನು ಕಾಣೆ. ಸುಖಾಗಮನ ಬಯಸುವವರ ಸಾಲಿನಲ್ಲಿ ಸೋದರಮಾವನ ಹೆಸರು ಬಿಟ್ಟರೆ ಏನಾಗುತ್ತದೆಂದು ಮದುವೆ ಮಾಡಿದವರಿಗೆ ಗೊತ್ತು.

1990ರ ದಶಕದಲ್ಲಿ ಡಿಟಿಪಿ ಬಂತು. ಪೇಜ್‌ಮೇಕರ್ ಬಂತು. ಕನ್ನಡ ಲಿಪಿಗಳು ಬಂದವು, 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ', ಅದರ ಬೆನ್ನಿಗೆ ಕನ್ನಡ ಗಣಕ ಪರಿಷತ್ತಿನ 'ನುಡಿ'. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದ ಪುಣ್ಯ, ಪಿಯುಸಿ ಮುಗಿಸಿದ ಹುಡುಗಿಯರು ಕೆಲವೇ ವಾರದಲ್ಲಿ ಕನ್ನಡ ಟೈಪಿಂಗ್ ಕಲಿತು ಕೆಲಸಕ್ಕೆ ಕೂತರು. ಕಂಪೋಜಿಟರುಗಳು ಎದ್ದರು. ಅವರದ್ದು ಎಲ್ಲರಿಗೂ ಕಂಡ ನಷ್ಟ, ಅದರ ಬಗ್ಗೆ ಬೇಕಾದಷ್ಟು ಮರುಗಿದ್ದಾರೆ. ಯಾರ ಗಮನಕ್ಕೂ ಬಾರದೆ ಎದ್ದು ಹೋದವರು ಕರಡು ತಿದ್ದುವವರು. ಪರದೆಯ ಮೇಲೆ ಅಕ್ಷರ ನೆಟ್ಟಗೆ ಕಾಣುತ್ತದೆ, ಗಿರಾಕಿಯೇ ಪಕ್ಕದಲ್ಲಿ ಕೂತು ನೋಡುತ್ತಾನೆ, ಮತ್ತೆ ಬೇರೆಯವರಿಗೆ ಯಾಕೆ ಸಂಬಳ? ಲೆಕ್ಕ ಸರಿಯಾಗಿಯೇ ಕಂಡಿತು. ಅಂದಿನಿಂದ ನಮ್ಮ ಕಡೆಯ ಬ್ಯಾನರು, ಕರಪತ್ರಗಳಲ್ಲಿ ಹಾರ್ದಿಕ ಶುಭಾಶಯ ಹೋಗಿ 'ಹಾರ್ಧಿಕ ಶುಭಾಷಯ' ಆಗಿದ್ದನ್ನು ನೀವೂ ನೋಡಿದ್ದೀರಿ.

ಆದ್ದರಿಂದ ಎಐ ಬಂದು ಯಾರ ಕುರ್ಚಿ ಕಿತ್ತುಕೊಂಡಿತು ಎಂದು ಕೇಳಿದರೆ ನನ್ನ ಪ್ರೆಸ್ಸಿನ ಮಟ್ಟಿಗೆ ಹೇಳುತ್ತೇನೆ: ಯಾರದ್ದೂ ಅಲ್ಲ. ಮಾಸ್ತರರ ಕುರ್ಚಿ ಖಾಲಿ ಬಿದ್ದು ಕಾಲು ಶತಮಾನ ದಾಟಿತ್ತು. ಅದು ಬಂದು ಅಲ್ಲಿ ಕೂತಿತು.

ಚಾಟ್‌ಜಿಪಿಟಿ ಹೊರಬಂದದ್ದು 2022ರ ನವೆಂಬರ್‌ನಲ್ಲಿ. ಆಮೇಲೆ ಅಂಥವು ಹಲವು ಬಂದವು. ನಾನು ಬಳಸುವುದು ಯಾವುದೆಂಬುದು ದೊಡ್ಡ ಮಾತಲ್ಲ. ಶುರು ಮಾಡಿದ್ದು ಇಂಗ್ಲಿಷ್ ಪತ್ರಗಳಿಂದ. ಕಾಗದದ ಡೀಲರಿಗೆ ತಕರಾರು, ಕಾಲೇಜಿನ ಟೆಂಡರಿಗೆ ಕೊಟೇಶನ್, ಬಾಕಿ ಉಳಿಸಿಕೊಂಡ ಸಂಸ್ಥೆಗೆ ಮರ್ಯಾದೆಯಿಂದಲೇ ಬಿಸಿ ಮುಟ್ಟಿಸುವ ನೆನಪೋಲೆ. ಕೊನೆಯದನ್ನು ಅದು ನನಗಿಂತ ಚೆನ್ನಾಗಿ ಬರೆಯುತ್ತದೆ, ಯಾಕೆಂದರೆ ಅದಕ್ಕೆ ಸಿಟ್ಟು ಬರುವುದಿಲ್ಲ. ಆಮೇಲೆ ಗಿರಾಕಿಗಳು ವಾಟ್ಸ್ಯಾಪ್‌ನಲ್ಲಿ ಮಾತಾಡಿ ಕಳಿಸುವ ವಿಷಯವನ್ನು ಬರಹಕ್ಕಿಳಿಸುವುದು. ಆಮೇಲೆ ಕನ್ನಡದ ಕರಡು. ಸೊಸೈಟಿಯ ವಾರ್ಷಿಕ ವರದಿ ಕೊಟ್ಟರೆ ಹದಿನಾರು ಪುಟದ ಫರ್ಮಾದಲ್ಲಿ ಎಲ್ಲೋ ಅಡಗಿದ್ದ 'ಆಧ್ಯಕ್ಷ'ರನ್ನು ಹುಡುಕಿ ತೆಗೆದು ತೋರಿಸುತ್ತದೆ. ದಣಿದ ಸಂಜೆ ನಮ್ಮ ಕಣ್ಣಿಗೆ ಬೀಳುವಂಥದ್ದಲ್ಲ ಅದು.

ಲಗ್ನಪತ್ರಿಕೆಯಲ್ಲಿ ಮಾತ್ರ ಅದರ ಬಂಡವಾಳ ಬಯಲಾಯಿತು. ಒಂದು ಪತ್ರಿಕೆಯಲ್ಲಿ ಹುಡುಗನ ಮುತ್ಯಾನ ಹೆಸರು 'ಲಿಂ. ಈರಪ್ಪ' ಎಂದಿತ್ತು. ತಿದ್ದಿ ಕೊಟ್ಟದ್ದು ನೋಡಿದರೆ 'ಲಿಂಗಪ್ಪ ವೀರಪ್ಪ'. ಲಿಂಗೈಕ್ಯರಾದವರನ್ನು ಎಬ್ಬಿಸಿ ಕೂರಿಸಿ ಹೊಸ ನಾಮಕರಣ ಮಾಡಿತ್ತು! ಈರಪ್ಪ ಎಂಬುದು ಅದಕ್ಕೆ ತಪ್ಪು ಕಾಗುಣಿತವಾಗಿ ಕಂಡಿದೆ; ನಮ್ಮ ಸೀಮೆಯಲ್ಲಿ ಓಣಿಗೊಬ್ಬ ಈರಪ್ಪ ಇದ್ದಾನೆಂದು ಅದಕ್ಕೆ ಹೇಳಿದವರಾರು? ಅಂದಿನಿಂದ ನಮ್ಮಲ್ಲಿ ಕಟ್ಟಪ್ಪಣೆ: ವಿಷಯದ ವಾಕ್ಯಗಳು ಎಐಗೆ, ಹೆಸರಿನ ಪಟ್ಟಿ ನಮಗೆ. ಮುಹೂರ್ತದ ಗಳಿಗೆಯೂ ನಮಗೇ.

ಗಿರಾಕಿಗಳು ಮೊಬೈಲಿನಲ್ಲಿ ತಾವೇ ಎಐನಿಂದ ಡಿಸೈನ್ ಮಾಡಿಸಿಕೊಂಡು ಬರುವುದೂ ಇದೆ. ಗಣಪತಿ ಚಂದ, ಬಾಳೆಕಂಬ ಚಂದ, ಆದರೆ 'ಶುಭ ವಿವಾಹ'ದ ಜಾಗದಲ್ಲಿ ಕನ್ನಡವೂ ಅಲ್ಲದ ತೆಲುಗೂ ಅಲ್ಲದ ಒಂದು ಹೆಣಿಗೆ. "ಹಿಂಗ ಹಾಕ್ರಿ ಅಕ್ಕಾರ" ಎಂದ ಹುಡುಗನಿಗೆ "ಹಿಂಗ ಹಾಕಿದ್ರ ಮದುವಿ ಯಾರದ್ದಂತ ಬೀಗರು ಕೇಳ್ತಾರಪ್ಪ" ಎಂದೆ. ಚಿತ್ರ ಬಿಡಿಸುವ ಎಐಗಳು ಒತ್ತಕ್ಷರದಲ್ಲಿ ಈಗೀಗ ಸುಧಾರಿಸುತ್ತಿವೆ. ಮೊಳೆಯ ಕಾಲದಿಂದಲೂ ಹೊರಗಿನಿಂದ ಬಂದ ಯಂತ್ರಕ್ಕೆಲ್ಲ ಮೊದಲ ಪೆಟ್ಟು ಕೊಟ್ಟದ್ದು ನಮ್ಮ ಒತ್ತಕ್ಷರವೇ.

ಎಲ್ಲಕ್ಕಿಂತ ದೊಡ್ಡ ತೊಡಕು ನಮ್ಮ ಹಳೆಯ ಕಂಪ್ಯೂಟರಿನಲ್ಲಿದೆ. ವರ್ಷವರ್ಷದ ವರದಿಗಳು, ಜಾತ್ರೆಯ ಪತ್ರಿಕೆಗಳು, ಮಠದ ಪುಸ್ತಕಗಳು ಎಲ್ಲ ಪೇಜ್‌ಮೇಕರ್ ಕಡತದಲ್ಲಿ, ಹಳೆಯ ಲಿಪಿಗಳಲ್ಲಿವೆ. ಕನ್ನಡಕ್ಕೆ ಯುನಿಕೋಡ್‌ನಲ್ಲಿ 1991ರಲ್ಲೇ ಜಾಗ ಸಿಕ್ಕಿತ್ತು, ಆದರೆ ಪೇಜ್‌ಮೇಕರ್‌ಗೆ ಅದು ತಿಳಿಯುತ್ತಿರಲಿಲ್ಲ, 2001ರಲ್ಲಿ ಬಂದ ಅದರ ಕೊನೆಯ ಆವೃತ್ತಿಗೂ ಕೂಡ. ಹಾಗಾಗಿ ಅಂದಿನವರು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ತುಂಡುಗಳನ್ನು ಬಾಡಿಗೆಗೆ ಇಟ್ಟರು. ನುಡಿಯ ಹಳೆಯ ಲಿಪಿಯಲ್ಲಿ 'ಕನ್ನಡ' ಎಂದು ಬರೆದರೆ ಒಳಗೆ ಇರುವುದು ಇಂಗ್ಲಿಷಿನ ಪಿ, ತಲೆಕಟ್ಟಿಗೆ ಗುರುತು ಹೊತ್ತ ಒಂದು ಎ, 'ನ'ಕ್ಕೆ ಬ್ರಿಟಿಷರ ಪೌಂಡಿನ ಚಿಹ್ನೆ, ಮತ್ತೊಂದು ತಲೆಕಟ್ಟು, ನಕಾರದ ಒತ್ತಿಗೆ ಜರ್ಮನ್ನರ ಜೋಡಿ ಎಸ್. ಕಿಟೆಲ್ ಸಾಹೇಬರು ನೋಡಿದ್ದರೆ ನಗುತ್ತಿದ್ದರೇನೋ. ಲಿಪಿ ಹಾಕಿ ನೋಡಿದರೆ ಮುತ್ತಿನಂಥ ಕನ್ನಡ. ಲಿಪಿ ತೆಗೆದರೆ ಪೌಂಡು, ಕ್ಯೂ, ಪಿಗಳ ಸಂತೆ. ಇದನ್ನು ಹಾಗೇ ಎಐಗೆ ಕೊಟ್ಟರೆ ಒಮ್ಮೆ ಗೊತ್ತಾಗುವುದಿಲ್ಲ ಎನ್ನುತ್ತದೆ, ಒಮ್ಮೆ ಊಹಿಸಿ ತಾನೇ ಕಥೆ ಕಟ್ಟುತ್ತದೆ. ಎರಡನೆಯದು ಹೆಚ್ಚು ಅಪಾಯ, ಕಥೆ ಚೆನ್ನಾಗಿಯೇ ಇರುತ್ತದೆ.

ಪರಿವರ್ತಕಗಳಿವೆ, ಬಳಸುತ್ತೇವೆ. ಅವು ಬಹುಪಾಲು ಸರಿಯಾಗಿ ಬದಲಿಸುತ್ತವೆ, ಅರ್ಕಾವತ್ತು ಬಂದಲ್ಲಿ ಎಡವುತ್ತವೆ. ಉಳಿದದ್ದನ್ನು ಎಐ ತಿದ್ದುತ್ತದೆ, ಅದು ತಿದ್ದಿದ್ದನ್ನು ನಮ್ಮ ಡಿಟಿಪಿ ಹುಡುಗಿ ಹಳೆಯ ಅಚ್ಚಿನ ಪ್ರತಿ ಪಕ್ಕಕ್ಕಿಟ್ಟುಕೊಂಡು ಓದುತ್ತಾಳೆ. ಟೈಪಿಂಗ್ ಕಡಿಮೆಯಾದಷ್ಟೂ ಅವಳಿಗೆ ಓದುವ ಕೆಲಸ ಹೆಚ್ಚಾಗಿದೆ, ಅದಕ್ಕೆ ತಕ್ಕಂತೆ ಪಗಾರ ಹೆಚ್ಚಿಸಿರಿ ಎಂದು ಕೇಳಿದಳು. ನ್ಯಾಯವಾದ ಮಾತು, ಹೆಚ್ಚಿಸಿದೆ. ಈ ಸುಗ್ಗಿಯಿಂದ ಲಗ್ನಪತ್ರಿಕೆಯ ಹೆಸರುಗಳನ್ನು ಗಿರಾಕಿಯ ಮನೆಯ ಹಿರಿಯರೊಬ್ಬರಿಗೆ ಫೋನು ಹಚ್ಚಿ, ಗಟ್ಟಿಯಾಗಿ ಓದಿ ಹೇಳಿಯೇ ಪ್ಲೇಟಿಗೆ ಕಳಿಸಬೇಕೆಂದು ಅವಳೇ ಗೊತ್ತು ಮಾಡಿದ್ದಾಳೆ. ಹೋದ ವಾರ ಹಾಗೆ ಓದುವಾಗ ಆ ಕಡೆಯಿಂದ ಒಬ್ಬ ಅಜ್ಜಿ, "ನಮ್ಮ ಬೀಗರ ಹೆಸರು ನಮ್ಮಕಿಂತ ಮ್ಯಾಲ ಯಾಕ ಹಾಕೀರಿ?" ಎಂದು ಜಗಳ ತೆಗೆದಿದ್ದರು, ಹುಡುಗಿ ಮೂಲ ಚೀಟಿ ಹುಡುಕುತ್ತಿದ್ದಳು.