ಸೋತವರ ನೆನಪು: ಪಿರಿಯಾಪಟ್ಟಣದ ಕಾಳಗ

1644ರಲ್ಲಿ ಮೈಸೂರಿನ ರಣಧೀರ ಕಂಠೀರವ ನರಸರಾಜ ಒಡೆಯರು ಪಿರಿಯಾಪಟ್ಟಣದ ಕೋಟೆಯನ್ನು ಗೆದ್ದರು. ಚೆಂಗಾಳ್ವರ ಆಳ್ವಿಕೆ ಅಲ್ಲಿಗೆ ಮುಗಿಯಿತು. ನಾವು ಶಾಲೆಯಲ್ಲಿ ಓದಿದ ಚರಿತ್ರೆಯಲ್ಲಿ ಈ ಸಂಗತಿಗೆ ಸಿಕ್ಕಿದ್ದು ಹೆಚ್ಚೆಂದರೆ ಒಂದು ಸಾಲು. ನಮ್ಮ ಸೀಮೆಯ ಹಾಡುಗಾರರು ಮಾತ್ರ ಇದನ್ನೇ ‘ಪಿರಿಯಾಪಟ್ಟಣದ ಕಾಳಗ’ವೆಂದು ದೊಡ್ಡ ಕಥೆಯಾಗಿ ಹಾಡಿಕೊಂಡು ಬಂದರು.

ಕೋಟೆ ಉಳಿಯದೆಂದು ಖಚಿತವಾದಾಗ ವೀರರಾಜ ತನ್ನ ಹೆಂಡಿರು ಮಕ್ಕಳನ್ನು ತಾನೇ ಕೊಂದು, ಕತ್ತಿ ಹಿಡಿದು ಹೋರಾಡುತ್ತ ಸತ್ತನೆಂದು ಹಳೆಯ ಗೆಜೆಟಿಯರ್ ಹೇಳುತ್ತದೆ. ಅದನ್ನು ಬರಿಯ ಶೌರ್ಯವೆಂದು ಹೊಗಳಲು ನನಗೆ ಮನಸ್ಸಾಗದು. ಆ ಹೆಣ್ಣುಮಕ್ಕಳನ್ನು ಕೇಳಿದವರು ಯಾರು?

ನಾಲ್ಕೇ ವರ್ಷದಲ್ಲಿ, 1648ರಲ್ಲಿ, ಗೋವಿಂದ ವೈದ್ಯ ‘ಕಂಠೀರವ ನರಸರಾಜ ವಿಜಯ’ ಬರೆದ. ವಿಜಾಪುರದ ರಣದುಲ್ಲಾಖಾನನನ್ನು ಹಿಮ್ಮೆಟ್ಟಿಸಿದ್ದು, ಶ್ರೀರಂಗಪಟ್ಟಣದ ನವರಾತ್ರಿಯ ವೈಭವ ಎಲ್ಲವೂ ಅದರಲ್ಲಿವೆ. ಅಲ್ಲಿ ನಾಡು ಕಾಯ್ದ ದೊರೆ, ಪಿರಿಯಾಪಟ್ಟಣದವರ ಪಾಲಿಗೆ ಮನೆಬಾಗಿಲಿಗೆ ದಂಡು ತಂದ ದೊರೆ. ಎರಡೂ ಸುಳ್ಳಲ್ಲ.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡಿದೆ. ಅದಕ್ಕೂ ನೂರು ವರ್ಷಕ್ಕೆ ಮೊದಲು ಚೆಂಗಾಳ್ವ ಮನೆತನದವನೇ ಆದ ನಂಜುಂಡ ಕವಿ ಕುಮಾರರಾಮನ ಕಥೆಯನ್ನು ಸಾಂಗತ್ಯದಲ್ಲಿ ಬರೆದಿದ್ದ. ದೆಹಲಿಯ ದಂಡಿಗೆ ಎದುರು ನಿಂತು 14ನೇ ಶತಮಾನದಲ್ಲಿ ಮಡಿದ ಕುಮ್ಮಟದ ವೀರ ಅವನು. ಸೋತವನನ್ನು ನೆನೆದು ಬರೆದ ಆ ಮನೆತನವೇ ಮುಂದೆ ಸೋತಿತು. ಅವರನ್ನು ನೆನೆಯುವ ಕೆಲಸ ಊರೂರು ತಿರುಗುವ ಹಾಡುಗಾರರ ಪಾಲಿಗೆ ಬಂತು.

ಹುಣಸೂರಿನವರು ಕಲ್ಲಹಳ್ಳಿಯೆಂದರೆ ದೇವರಾಜ ಅರಸರನ್ನು ನೆನೆಯುತ್ತಾರೆ, ಸರಿಯೇ. ಆದರೆ 1508ರಲ್ಲಿ ‘ಜಯನೃಪಕಾವ್ಯ’ ಬರೆದ ಮೂರನೆಯ ಮಂಗರಸನೂ ಅದೇ ಕಲ್ಲಹಳ್ಳಿಯ ಪ್ರಭು, ಚೆಂಗಾಳ್ವರ ಮಂತ್ರಿಗಳ ವಂಶದವನು. ಅಡುಗೆಯ ಮೇಲೆ ‘ಸೂಪಶಾಸ್ತ್ರ’ವನ್ನೂ ಬರೆದ ಪುಣ್ಯಾತ್ಮ! ಹೆಗ್ಗಡದೇವನಕೋಟೆಯ ಕಾಡಿನವರಿಗಾದರೋ ಇಂಥ ಆಸ್ಥಾನಕವಿ ಇರಲಿಲ್ಲ. ರಣಧೀರರ ಕಾಲದ ಕಾಡುಕುರುಬ ನಾಯಕ ಕಾಕನನ್ನು ನಾಡಿಗೆಲ್ಲ ಪರಿಚಯಿಸಿದ್ದು ಮಾಸ್ತಿಯವರ ‘ಕಾಕನಕೋಟೆ’ ನಾಟಕ.

ನಾವು ಮೈಸೂರಿನ ದಸರಾಕ್ಕೂ ಹೋಗುತ್ತೇವೆ, ಬೆಟ್ಟದಪುರದ ಬೆಟ್ಟ ಹತ್ತಿ ಚೆಂಗಾಳ್ವರ ಮನೆದೇವರಾದ ಅನ್ನದಾನಿ ಮಲ್ಲಿಕಾರ್ಜುನನಿಗೂ ಕೈಮುಗಿಯುತ್ತೇವೆ. ಗೆದ್ದವರ ಮಕ್ಕಳೋ ಸೋತವರ ಮಕ್ಕಳೋ ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಎರಡೂ ಹಾಡು ನಮ್ಮವೇ ಅನ್ನಿಸುತ್ತದೆ. ಆದರೆ ಒಂದು ಅಚ್ಚಾಗಿ ಗ್ರಂಥಾಲಯ ಸೇರಿದೆ, ಇನ್ನೊಂದು ಹಾಡುವವರೊಡನೆ ಹೊರಟುಹೋಗುತ್ತಿದೆ. ಕಾಳಗದ ಹಾಡು ಬಲ್ಲ ಹಿರಿಯರು ನಿಮ್ಮ ಊರಿನಲ್ಲಿದ್ದರೆ, ಈಗಿನ ವಿದ್ಯಾರ್ಥಿಗಳು ಮೊಬೈಲಿನಲ್ಲಿ ಪೂರ್ತಿ ರೆಕಾರ್ಡ್ ಮಾಡಿ, ಹಾಡಿದವರ ಹೆಸರು, ಊರು, ತಾರೀಖು ಬರೆದು ಶಾಲೆಗೆ ಕೊಡಲಿ. ತಪ್ಪೆನಿಸಿದ ಸಾಲನ್ನು ತಿದ್ದುವುದು ಬೇಡ.