ಸಿಗಡಿಯಿಂದ ಸೂಕ್ಷ್ಮದರ್ಶಕದವರೆಗೆ: ಚಳಿಯ ಒಂದು ಚರಿತ್ರೆ

ಕೊಚ್ಚಿಯಿಂದ ಶೈತ್ಯೀಕರಿಸಿದ ಸಿಗಡಿ ಮೊದಲ ಬಾರಿಗೆ ಪರದೇಶಕ್ಕೆ ಹೊರಟದ್ದು 1953ರಲ್ಲಿ. ನಾಲ್ಕು ವರ್ಷಗಳ ಮೇಲೆ, 1957ರಲ್ಲಿ, ಕೇಂದ್ರ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಇಲ್ಲೇ ಆರಂಭವಾಯಿತು. ನಮ್ಮಲ್ಲಿ ಅನೇಕರು ಸಿಗಡಿಯ ಹೆಸರೆತ್ತಿದರೆ ಮೂಗು ಮುರಿಯುವವರೆಂಬುದು ಗೊತ್ತಿದೆ. ಆದರೂ ಈ ವ್ಯಾಪಾರ ಕಲಿಸಿದ ಒಂದು ಪಾಠವನ್ನು ಗಮನಿಸಲೇಬೇಕು. ನಿಧಾನವಾಗಿ ಹೆಪ್ಪುಗಟ್ಟಿಸಿದರೆ ಮಾಂಸದೊಳಗಿನ ನೀರು ದೊಡ್ಡ ದೊಡ್ಡ ಹರಳುಗಳಾಗಿ ಬೆಳೆದು ಜೀವಕೋಶಗಳನ್ನು ಸೀಳುತ್ತದೆ. ಕರಗಿಸಿದಾಗ ರಸವೆಲ್ಲ ಸೋರಿ ಸಿಗಡಿ ಸಪ್ಪೆಯಾಗುತ್ತದೆ. ಬೇಗ ಹೆಪ್ಪುಗಟ್ಟಿಸಿದರೆ ಹರಳುಗಳು ಸಣ್ಣವಾಗಿ ಉಳಿಯುತ್ತವೆ. ಇದೇ ತೊಡಕು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದವರನ್ನು ಐವತ್ತು ವರ್ಷ ಕಾಡಿತು.

ಬರ್ಲಿನ್ನಿನಲ್ಲಿ ಅರ್ನ್‌ಸ್ಟ್ ರುಸ್ಕಾ ಮತ್ತು ಮ್ಯಾಕ್ಸ್ ನಾಲ್ ಈ ಯಂತ್ರದ ಮೊದಲ ರೂಪವನ್ನು ಕಟ್ಟಿದ್ದು 1931ರಲ್ಲಿ. ರುಸ್ಕಾ ಅವರಿಗೆ ನೊಬೆಲ್ ಬಹುಮಾನ ಬರಲು 1986ರವರೆಗೆ ಕಾಯಬೇಕಾಯಿತು! ಭಾರತದಲ್ಲಿ ಇಂಥ ಯಂತ್ರವನ್ನು ಮೊದಲು ಕಟ್ಟಿದವರು ಕಲ್ಕತ್ತೆಯ ಎನ್. ಎನ್. ದಾಸ್‌ಗುಪ್ತ, 1940ರ ದಶಕದಲ್ಲಿ. ಇದರಲ್ಲಿ ಬೆಳಕಿನ ಬದಲು ಇಲೆಕ್ಟ್ರಾನುಗಳ ಧಾರೆ, ಗಾಜಿನ ಮಸೂರದ ಬದಲು ವಿದ್ಯುತ್ ಸುರುಳಿಗಳು. ಗಾಳಿಯ ಕಣಗಳು ದಾರಿಗೆ ಅಡ್ಡ ಬರದಂತೆ ಕೊಳವೆಯೊಳಗೆಲ್ಲ ನಿರ್ವಾತ. ಕಷ್ಟ ಶುರುವಾಗುವುದೇ ಇಲ್ಲಿ. ಜೀವವಿರುವ ವಸ್ತುವಿನಲ್ಲಿ ಹೆಚ್ಚು ಪಾಲು ನೀರು; ನಿರ್ವಾತದಲ್ಲಿ ನೀರು ನಿಲ್ಲದು, ಆವಿಯಾಗಿ ಹೋಗುತ್ತದೆ. ಉಳಿದದ್ದನ್ನು ಇಲೆಕ್ಟ್ರಾನುಗಳ ಪೆಟ್ಟು ಹಾಳುಮಾಡುತ್ತದೆ. 1934ರಲ್ಲಿ ಬ್ರಸೆಲ್ಸ್‌ನ ಲಾಡಿಸ್ಲಾಸ್ ಮಾರ್ಟನ್, ಕೀಟ ಹಿಡಿಯುವ ಡ್ರಾಸೆರಾ ಗಿಡದ ತೆಳುಪದರಕ್ಕೆ ಆಸ್ಮಿಯಂ ಕುಡಿಸಿ ಚಿತ್ರ ತೆಗೆದರು. ಮಾದರಿಯನ್ನು ತಂಪಾಗಿಟ್ಟರೆ ಉಳಿದೀತೆಂಬ ಆಲೋಚನೆಯೂ ಆಗಲೇ ಅವರಿಗಿತ್ತು. ಆದರೆ ಬಹುಕಾಲ ನಡೆದದ್ದು ಒಣಗಿಸುವುದು, ಬಣ್ಣ ಹಾಕುವುದು, ರಾಳದಲ್ಲಿ ಹುದುಗಿಸುವುದು ಇಷ್ಟೇ. ಹಣ್ಣನ್ನು ನೋಡಬೇಕೆಂದು ಹೊರಟು ಉಪ್ಪಿನಕಾಯಿಯನ್ನು ನೋಡಿದ ಹಾಗೆ.

ಮಾದರಿಯನ್ನಿಡುವ ಬಿಲ್ಲೆಯ ಅಗಲ ಸುಮಾರು ಮೂರು ಮಿಲಿಮೀಟರ್, ಹಣೆಗಿಡುವ ಸಣ್ಣ ಬೊಟ್ಟಿನಷ್ಟು. ಸಾಮಾನ್ಯವಾಗಿ ತಾಮ್ರದ್ದು, ಜರಡಿಯಂತೆ ಕಿಂಡಿಗಳುಳ್ಳದ್ದು. ಅದನ್ನು ಒಂದು ಕೋಲಿನ ತುದಿಗೆ ಸಿಕ್ಕಿಸಿ, ನಿರ್ವಾತ ಕೆಡದಂತೆ ಎರಡು ಬಾಗಿಲಿನ ಕಿರುಕೋಣೆಯ ಮೂಲಕ ಯಂತ್ರದೊಳಗೆ ತೂರಿಸುತ್ತಾರೆ. ಕೋಲು ಒಂದು ಕೂದಲಿನ ಸಾವಿರದ ಒಂದು ಪಾಲು ಅಲುಗಿದರೂ ಚಿತ್ರ ಮಸುಕು.

1974ರಲ್ಲಿ ಅಮೆರಿಕದ ಕೆನೆತ್ ಟೇಲರ್ ಮತ್ತು ರಾಬರ್ಟ್ ಗ್ಲೇಸರ್, ಹೆಪ್ಪುಗಟ್ಟಿಸಿದ ಒದ್ದೆ ಮಾದರಿ ನಿರ್ವಾತದಲ್ಲೂ ತನ್ನ ರಚನೆಯನ್ನು ಉಳಿಸಿಕೊಳ್ಳುತ್ತದೆಂದು ತೋರಿಸಿದರು. ಉಳಿದದ್ದು ಹರಳಿನ ಕಾಟ. ದ್ರವ ಸಾರಜನಕದ ಉಷ್ಣಾಂಶ ಸೊನ್ನೆಗಿಂತ 196 ಡಿಗ್ರಿ ಕೆಳಗೆ. ಅದರಲ್ಲೇ ಅದ್ದಿದರೆ ಸಾಲದೆ? ಸಾಲದು. ಕಾದ ದೋಸೆ ಕಾವಲಿಗೆ ನೀರು ಚಿಮುಕಿಸಿದಾಗ ಹನಿಗಳು ಇಂಗದೆ ಉರುಳಾಡುವುದನ್ನು ನಮ್ಮ ಮನೆಗಳಲ್ಲಿ ನೋಡದವರಿಲ್ಲ. ಹನಿಯ ಕೆಳಗೆ ಆವಿಯ ಹಾಸು ನಿಂತು ಬಿಸಿ ತಾಗದಂತೆ ಕಾಯುತ್ತದೆ. ದ್ರವ ಸಾರಜನಕಕ್ಕೆ ನಮ್ಮ ಮಾದರಿಯೇ ಕಾದ ಕಾವಲಿ! ಸುತ್ತಲೂ ಅನಿಲದ ಹೊದಿಕೆ ಎದ್ದು ಚಳಿ ಒಳಗಿಳಿಯುವುದು ತಡವಾಗುತ್ತದೆ; ಅಷ್ಟರಲ್ಲಿ ಹರಳು ಕಟ್ಟುತ್ತದೆ. 1981ರಲ್ಲಿ ಹೈಡೆಲ್‌ಬರ್ಗಿನಲ್ಲಿ ಜಾಕ್ ಡುಬೋಶೆ ಮತ್ತು ಅಲಸ್ಡೇರ್ ಮೆಕ್‌ಡೊವಾಲ್, ಸಾರಜನಕದಿಂದ ತಣಿಸಿದ ದ್ರವ ಈಥೇನನ್ನು ಉಪಯೋಗಿಸಿದರು. ಈಥೇನ್ ಅಷ್ಟು ಸುಲಭವಾಗಿ ಕುದಿಯುವುದಿಲ್ಲ. ನೀರಿನ ತೆಳುಪೊರೆ ಹರಳಾಗಲು ಪುರಸೊತ್ತಿಲ್ಲದೆ ಗಾಜಿನಂತೆ ಗಟ್ಟಿಯಾಯಿತು. ಡುಬೋಶೆ ಅವರಿಗೆ ಜೋಕಿಂ ಫ್ರಾಂಕ್ ಮತ್ತು ರಿಚರ್ಡ್ ಹೆಂಡರ್‌ಸನ್‌ರೊಂದಿಗೆ 2017ರ ನೊಬೆಲ್ ಬಹುಮಾನ ಸಂದಿತು.

ಹೀಗೆ ಗಾಜಾದ ನೀರು ಸುಮಾರು ಸೊನ್ನೆಗಿಂತ 135 ಡಿಗ್ರಿ ಕೆಳಗಿನ ಗಡಿಯನ್ನು ದಾಟಿ ಬಿಸಿಯಾಯಿತೆಂದರೆ ಮತ್ತೆ ಹರಳು. ಆದ್ದರಿಂದ ಕೋಲಿನ ಹೊರತುದಿಗೆ ಸಾರಜನಕ ತುಂಬಿದ ಒಂದು ಪುಟ್ಟ ಫ್ಲಾಸ್ಕನ್ನೇ ಕಟ್ಟಿದರು. ಜೇಮ್ಸ್ ಡ್ಯೂವರ್ 1892ರಲ್ಲಿ ಮಾಡಿದ ಪಾತ್ರೆಯ ವಂಶದ್ದೇ ಇದು. ನಮ್ಮ ಕಾಫಿ ಫ್ಲಾಸ್ಕೂ ಅದೇ ವಂಶದ್ದು. ಚಳಿ ಕೋಲಿನ ಲೋಹದ ಮೂಲಕ ಬಿಲ್ಲೆಯವರೆಗೆ ಹರಿಯುತ್ತದೆ. ಸಾರಜನಕ ಕುದಿದು ಗುಳ್ಳೆ ಎದ್ದರೆ ಮಾತ್ರ ಕೋಲು ನಡುಗುತ್ತದೆ. ಇನ್ನೊಂದು ಶತ್ರು ಗಾಳಿಯ ತೇವ. ಹಪ್ಪಳದ ಡಬ್ಬಿ ಅರ್ಧ ಗಂಟೆ ತೆರೆದಿಟ್ಟರೆ ಮೆತ್ತಗಾಗುವ ಈ ಕರಾವಳಿಯಲ್ಲಿ ಅದನ್ನು ವಿವರಿಸಬೇಕಿಲ್ಲ. ಬಿಲ್ಲೆ ಒಂದು ಕ್ಷಣ ಗಾಳಿಗೆ ಸೋಕಿದರೂ ಮೇಲೆಲ್ಲ ಹಿಮ ಕೂರುತ್ತದೆ, ತಿಂಗಳುಗಟ್ಟಲೆ ದುಡಿದು ಶುದ್ಧಿ ಮಾಡಿದ ಪ್ರೋಟೀನು ವ್ಯರ್ಥ. ಯಂತ್ರದೊಳಗಿನ ಅಲ್ಪಸ್ವಲ್ಪ ಆವಿಯನ್ನು ಸೆಳೆದುಕೊಳ್ಳಲು ಮಾದರಿಯ ಪಕ್ಕದಲ್ಲಿ ಅದಕ್ಕಿಂತ ತಣ್ಣಗಿನ ಲೋಹದ ಹಲಗೆಗಳನ್ನು ಇಡುತ್ತಾರೆ.

ಕೇರಳದಲ್ಲಿ ಇಂಥ ಸೂಕ್ಷ್ಮದರ್ಶಕಗಳು ಹಲವು ಕಡೆ ಇವೆ. ತಿರುವನಂತಪುರದಲ್ಲಿ ಶ್ರೀ ಚಿತ್ರಾ ಸಂಸ್ಥೆ. ಪಾಪ್ಪನಂಕೋಡಿನಲ್ಲಿ 1975ರಲ್ಲಿ ಹುಟ್ಟಿ, 2007ರಲ್ಲಿ ಹೆಸರು ಬದಲಿಸಿಕೊಂಡ ರಾಷ್ಟ್ರೀಯ ಪ್ರಯೋಗಾಲಯ. ಕೊಚ್ಚಿ ವಿಶ್ವವಿದ್ಯಾಲಯದ ಆವರಣದಲ್ಲಿ 1996ರಲ್ಲಿ ಆರಂಭವಾದ ಪರೀಕ್ಷಾ ಕೇಂದ್ರಕ್ಕೆ ಕೇರಳದಾಚೆಯಿಂದಲೂ ಮಾದರಿಗಳು ಬರುತ್ತವೆ. ಲೋಹ, ಪಿಂಗಾಣಿಗಳಂಥ ಒಣ ಮಾದರಿಗೆ ಚಳಿಯ ಕೋಲು ಬೇಕಿಲ್ಲ ನಿಜ. ಆದರೆ ಮಸೂರದ ಸುರುಳಿಗಳು ಕಾಯುತ್ತಲೇ ಇರುತ್ತವೆ, ಅವುಗಳ ಸುತ್ತ ತಣ್ಣೀರು ಹರಿಯುತ್ತಲೇ ಇರಬೇಕು. ಆ ನೀರಿನ ಉಷ್ಣಾಂಶ ಸ್ವಲ್ಪ ಏರಿಳಿದರೂ ಚಿತ್ರ ಜರುಗುತ್ತದೆ.

2020ರ ಜನವರಿ 30ರಂದು ದೇಶದ ಮೊದಲ ಕೊರೋನಾ ಪ್ರಕರಣ ದೃಢಪಟ್ಟದ್ದು ಕೊಚ್ಚಿಗೆ ಸಮೀಪದ ತ್ರಿಶೂರಿನಲ್ಲಿ. ಆ ಗಂಟಲು ದ್ರವದಲ್ಲಿದ್ದ ವೈರಸ್ಸಿನ ಚಿತ್ರವನ್ನು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಅದೇ ವರ್ಷ ಪ್ರಕಟಿಸಿತು. ಅದನ್ನು ತೆಗೆದದ್ದು ಹಳೆಯ, ಬಣ್ಣ ಹಾಕಿ ಒಣಗಿಸುವ ವಿಧಾನದಲ್ಲಿ. ಕಣದ ಅಗಲ 70–80 ನ್ಯಾನೋಮೀಟರ್. ಯಾವ ವೈರಸ್ ಎಂದು ತಿಳಿಯಲು ಅಷ್ಟು ನೆರವಾಗುತ್ತದೆ. ಆದರೆ ಲಸಿಕೆ ಮಾಡುವವರಿಗೆ ಅದರ ಮುಳ್ಳಿನ ಪ್ರತಿ ಮಡಿಕೆಯೂ ಬೇಕಿತ್ತು. ಅದೇ ಫೆಬ್ರವರಿಯಲ್ಲಿ ಟೆಕ್ಸಾಸಿನವರು ಶೀತಲ ವಿಧಾನದಿಂದಲೇ ಮುಳ್ಳಿನ ರಚನೆಯನ್ನು 0.35 ನ್ಯಾನೋಮೀಟರ್ ಸ್ಪಷ್ಟತೆಯಲ್ಲಿ ಬಿಡಿಸಿಟ್ಟರು.

ನಮ್ಮ ಬೆಂಗಳೂರಿನ ಜೀವವಿಜ್ಞಾನ ಸಂಸ್ಥೆಗಳ ಆವರಣದಲ್ಲೂ 2017ರ ಸುಮಾರಿಗೆ ಇಂಥ ಶೀತಲ ಯಂತ್ರದ ರಾಷ್ಟ್ರೀಯ ಸೌಲಭ್ಯ ಸಿದ್ಧವಾಯಿತು. ಈ ಬಗೆಯ ಯಂತ್ರಗಳಲ್ಲಿ ಉದ್ದನೆಯ ಕೋಲಿಲ್ಲ. 12 ಬಿಲ್ಲೆಗಳನ್ನು ಒಂದು ಪೆಟ್ಟಿಗೆಯಲ್ಲಿ ಜೋಡಿಸಿಟ್ಟರೆ ಯಂತ್ರವೇ ಒಂದೊಂದಾಗಿ ಎತ್ತಿಕೊಳ್ಳುತ್ತದೆ. ದೂರದ ಊರುಗಳಿಂದ ಇಂಥ ಬಿಲ್ಲೆಗಳನ್ನು ಕಳಿಸಲು ವಿಶೇಷ ಫ್ಲಾಸ್ಕುಗಳಿವೆ. ಒಳಗಿನ ಸ್ಪಂಜಿನಂಥ ಪದಾರ್ಥ ಸಾರಜನಕವನ್ನು ಹೀರಿಟ್ಟುಕೊಳ್ಳುವುದರಿಂದ ದ್ರವ ಚೆಲ್ಲುವ ಭಯವಿಲ್ಲ, ಚಳಿ ಹಲವು ದಿನ ನಿಲ್ಲುತ್ತದೆ. ಒಂದೇ ಷರತ್ತು: ದಾರಿಯುದ್ದಕ್ಕೂ ಅದನ್ನು ನೆಟ್ಟಗೆ ನಿಲ್ಲಿಸಿಯೇ ಒಯ್ಯಬೇಕು, ಮಲಗಿಸಿದರೆ ಸಾರಜನಕ ಬೇಗ ಆರಿಹೋಗುತ್ತದೆ.