ಕರ್ಪೂರ ಏನೂ ಉಳಿಸದೆ ಮಾಯವಾದರೆ ಅದು ಶುದ್ಧವೇ?

“ತಟ್ಟೆಯಲ್ಲಿಟ್ಟ ಕರ್ಪೂರ ಚೂರೂ ಉಳಿಯದೆ ಮಾಯವಾದರೆ ಅಪ್ಪಟ, ಪುಡಿ ಉಳಿದರೆ ಕಲಬೆರಕೆ” ಎಂಬ ಮಾತನ್ನು ನೀವೂ ಕೇಳಿರಬಹುದು. ಇದು ಅರ್ಧ ಸತ್ಯ ಮಾತ್ರ. ಪೂರ್ತಿ ನಂಬಿದರೆ ಮಕ್ಕಳಿರುವ ಮನೆಯಲ್ಲಿ ಅಪಾಯವೂ ಇದೆ.

ಮಾಯವಾಗುವುದು ಹೇಗೆ?

ಕೆಲವು ಘನವಸ್ತುಗಳು ಕರಗಿ ನೀರಾಗದೆ ನೇರವಾಗಿ ಆವಿಯಾಗುತ್ತವೆ. ಇದಕ್ಕೆ ಉತ್ಪತನ ಎನ್ನುತ್ತೇವೆ. ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ಇದನ್ನೇ ಬಳಸಿ ಉಪ್ಪು ಮತ್ತು ಅಮೋನಿಯಂ ಕ್ಲೋರೈಡ್ ಮಿಶ್ರಣವನ್ನು ಬೇರ್ಪಡಿಸುತ್ತಾರೆ. ಮಿಶ್ರಣವನ್ನು ಪಿಂಗಾಣಿ ಬಟ್ಟಲಿಗೆ ಹಾಕಿ, ಮೇಲೆ ಗಾಜಿನ ಆಲಿಕೆಯನ್ನು ಬೋರಲಾಗಿಟ್ಟು, ಅದರ ತುದಿಗೆ ಹತ್ತಿ ಇಟ್ಟು, ಸಣ್ಣ ಉರಿಯಲ್ಲಿ ಕಾಯಿಸುತ್ತಾರೆ. ಅಮೋನಿಯಂ ಕ್ಲೋರೈಡ್ ಆವಿಯಾಗಿ ಮೇಲೇರಿ ಆಲಿಕೆಯ ತಣ್ಣನೆಯ ಒಳಮೈಗೆ ಬಿಳಿ ಪುಡಿಯಾಗಿ ಅಂಟುತ್ತದೆ. ಉಪ್ಪು ಬಟ್ಟಲಲ್ಲೇ ಉಳಿಯುತ್ತದೆ.

ಎಡವುವುದು ಎಲ್ಲಿ?

ಎರಡರಲ್ಲಿ ಒಂದು ಮಾತ್ರ ಹೀಗೆ ಆವಿಯಾಗುವಂತಿದ್ದರೆ ಈ ವಿಧಾನ ನಡೆಯುತ್ತದೆ. ಕರ್ಪೂರಕ್ಕೆ ಉಪ್ಪಿನಂಥದ್ದು ಬೆರೆತಿದ್ದರೆ ತಟ್ಟೆಯಲ್ಲಿ ಉಳಿದು ಸಿಕ್ಕಿಬೀಳುತ್ತದೆ. ಆದರೆ ಬೀರುವಿನಲ್ಲಿಡುವ ನುಸಿ ಗುಳಿಗೆಯ ನಾಫ್ತಲೀನ್ ಕೂಡ ಕರ್ಪೂರದಂತೆಯೇ ಆವಿಯಾಗಿ ಹೋಗುತ್ತದೆ. ಅದು ಬೆರೆತಿದ್ದರೂ ತಟ್ಟೆ ಖಾಲಿಯೇ! ಹಾಗಾಗಿ ಏನೂ ಉಳಿಯಲಿಲ್ಲ ಎಂಬುದು ಶುದ್ಧತೆಗೂ ಸಾಕ್ಷಿಯಲ್ಲ, ಸುರಕ್ಷತೆಗೂ ಅಲ್ಲ.

ಮಗು ನುಂಗಿದರೆ?

ಎರಡೂ ಬಿಳಿ, ಎರಡಕ್ಕೂ ಘಾಟು ವಾಸನೆ, ಎರಡೂ ವಿಷ. ಕರ್ಪೂರ ಹೊಟ್ಟೆಗೆ ಹೋದರೆ ಸ್ವಲ್ಪ ಹೊತ್ತಿನಲ್ಲೇ ಫಿಟ್ಸ್ ಬರಬಹುದು. ನಾಫ್ತಲೀನ್ ನಿಧಾನ. ಒಂದೆರಡು ದಿನ ಕಳೆದ ಮೇಲೆ ಕೆಂಪು ರಕ್ತಕಣಗಳು ಒಡೆದು ಮೈ ಬಿಳಿಚಬಹುದು, ಕಣ್ಣು ಹಳದಿಯಾಗಬಹುದು, ಮೂತ್ರ ಕಪ್ಪಾಗಬಹುದು. ಹುಟ್ಟಿನಿಂದಲೇ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ಮಕ್ಕಳಿಗೆ ಅಪಾಯ ಹೆಚ್ಚು. ಈ ಕೊರತೆ ಇರುವುದು ಎಷ್ಟೋ ಮನೆಗಳಲ್ಲಿ ಗೊತ್ತೇ ಇರುವುದಿಲ್ಲ.

ವಾಂತಿ ಮಾಡಿಸಬೇಡಿ. ಹಾಲು, ಎಣ್ಣೆ ಕುಡಿಸಬೇಡಿ. ಕೊಬ್ಬಿನಂಶ ನಾಫ್ತಲೀನನ್ನು ಮೈಗೆ ಬೇಗ ಸೇರಿಸುತ್ತದೆ. ಉಳಿದ ಗುಳಿಗೆ ಮತ್ತು ಪೊಟ್ಟಣವನ್ನು ಜೊತೆಗಿಟ್ಟುಕೊಂಡು 108ಕ್ಕೆ ಕರೆ ಮಾಡಿ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದವರು ತಾಲ್ಲೂಕು ಆಸ್ಪತ್ರೆಗೆ, ಹಾಸನದವರು ಜಿಲ್ಲಾ ಆಸ್ಪತ್ರೆಗೆ ಕೂಡಲೇ ಹೋಗಿ. ಮಗು ಚೆನ್ನಾಗಿಯೇ ಆಡಿಕೊಂಡಿದೆ ಎಂದು ಕಾಯಬೇಡಿ.

ಗುರುತಿಸಲು ಒಂದು ಸುಳಿವೂ ಇದೆ. ನೀರಿಗೆ ಹಾಕಿದರೆ ಕರ್ಪೂರ ಸಾಮಾನ್ಯವಾಗಿ ತೇಲುತ್ತದೆ, ನಾಫ್ತಲೀನ್ ಮುಳುಗುತ್ತದೆ. ಇದನ್ನು ನೋಡುತ್ತಾ ಆಸ್ಪತ್ರೆಗೆ ಹೋಗುವುದನ್ನು ಮಾತ್ರ ತಡಮಾಡಬೇಡಿ.

ಶುದ್ಧ ಕರ್ಪೂರದ ಪರೀಕ್ಷೆ ಎಂಬ ಸಂದೇಶ ಬಂದರೆ ಮುಂದಕ್ಕೆ ಕಳಿಸುವ ಬದಲು ಮನೆಯ ಕರ್ಪೂರ, ನುಸಿ ಗುಳಿಗೆ ಎರಡನ್ನೂ ಮಕ್ಕಳ ಕೈಗೆಟುಕದಂತೆ ಬೇರೆ ಬೇರೆ ಡಬ್ಬಿಗಳಲ್ಲಿ ಎತ್ತಿಡಿ.